ಗಾಜು ಹತ್ತದ ನಕ್ಷತ್ರಮೀನು

ಪದವಿಪೂರ್ವ ತರಗತಿಗಳಿಗೆ ಜೀವಶಾಸ್ತ್ರ ಕಲಿಸುವ ನಾನು ಹಲವು ವರ್ಷ ನಕ್ಷತ್ರಮೀನನ್ನು ಫಾರ್ಮಲಿನ್ ಬಾಟಲಿಯಲ್ಲಿಯೇ ತೋರಿಸುತ್ತಿದ್ದೆ. ಅದರ ತೋಳುಗಳ ಅಡಿಯಲ್ಲಿರುವ ಪುಟ್ಟ ಕೊಳವೆಪಾದಗಳ ತುದಿಯಲ್ಲಿ ಹೀರುಬಟ್ಟಲುಗಳಿವೆ, ಅವುಗಳಿಂದ ಕಪ್ಪೆಚಿಪ್ಪನ್ನು ಎಳೆದು ತೆರೆಯುತ್ತದೆ, ಜಠರವನ್ನು ಹೊರಚಾಚಿ ಒಳಗಿನ ಮಾಂಸವನ್ನು ಅಲ್ಲೇ ಜೀರ್ಣಿಸಿಕೊಳ್ಳುತ್ತದೆ ಎಂದು ಪಠ್ಯದಲ್ಲಿದ್ದುದನ್ನೇ ಒಪ್ಪಿಸುತ್ತಿದ್ದೆ. ಜೀವಂತ ಪ್ರಾಣಿಯನ್ನು ಸಾಕಿ ನೋಡಿದ ಮೇಲೆ, ಈ ಮೂರು ಮಾತುಗಳಲ್ಲಿ ಒಂದೂ ನಮ್ಮ ಕಡಲಿನ ಮರಳು ನಕ್ಷತ್ರಮೀನಿಗೆ ಹೊಂದುವುದಿಲ್ಲವೆಂದು ತಿಳಿಯಿತು.

ಮಲ್ಪೆಯಲ್ಲಿ ಬೆಳಿಗ್ಗೆ ಹೋಗಿ ಸಂಜೆ ಮರಳುವ ಟ್ರಾಲ್ ಬೋಟೊಂದರ ಬಲೆಯ ಕಸದಲ್ಲಿ ಆಸ್ಟ್ರೋಪೆಕ್ಟೆನ್ ಕುಲದ ನಾಲ್ಕು ಮರಳು ನಕ್ಷತ್ರಮೀನುಗಳು ಸಿಕ್ಕವು. “ತಿನ್ನಲಿಕ್ಕಿಲ್ಲ, ಮಾರಲಿಕ್ಕಿಲ್ಲ, ನಿಮಗೆ ಎಂತಕ್ಕೆ ಮಾಸ್ಟ್ರೇ?” ಎಂದು ನಗುತ್ತಲೇ ಬೋಟಿನವರು ಬಕೆಟ್ಟಿಗೆ ಹಾಕಿಕೊಟ್ಟರು. ಮೊದಲ ತಪ್ಪು ನನ್ನದೇ. ಹಿಂದಿನ ದಿನ ಜೋರಾಗಿ ಮಳೆ ಬಂದಿದ್ದರೂ ಹತ್ತಿರವೆಂದು ಅಳಿವೆಯ ಬಳಿಯಿಂದ ನೀರು ತಂದೆ. ರಾತ್ರಿ ಕಳೆಯುವುದರೊಳಗೆ ನಾಲ್ಕೂ ಸಡಿಲಗೊಂಡು, ತೋಳುಗಳನ್ನೇ ಕಳಚಿಕೊಂಡು ಸತ್ತವು. ಒಡಲಿನ ಉಪ್ಪಿನಂಶವನ್ನು ಹೊರಗಿನ ನೀರಿಗಿಂತ ಬೇರೆಯಾಗಿ ಕಾಯ್ದುಕೊಳ್ಳುವ ಅಂಗ ನಕ್ಷತ್ರಮೀನಿಗಿಲ್ಲ. ನೀರು ಸಪ್ಪೆಯಾದರೆ ಅದರ ಒಡಲೂ ಸಪ್ಪೆಯಾಗುತ್ತದೆ. ಮುಂದಿನ ಸಲ ಬೇರೆ ನಕ್ಷತ್ರಮೀನುಗಳನ್ನು ತಂದಾಗ ದೋಣಿಯಲ್ಲಿ ಹೋಗಿ ಹೊರಗಡಲಿನ ನೀರನ್ನೇ ತಂದೆ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರುವುದನ್ನು ಅಳೆದು ನೋಡಿ, ಗಾಳಿಯ ಪಂಪು ಹಚ್ಚಿದೆ.

ಗಾಜಿನ ತೊಟ್ಟಿಯ ಗೋಡೆಯನ್ನು ಅವು ಹತ್ತುವುದನ್ನು ಮಕ್ಕಳಿಗೆ ತೋರಿಸಬೇಕೆಂದು ತಳವನ್ನು ಬರಿದಾಗಿಯೇ ಬಿಟ್ಟಿದ್ದೆ. ಒಂದೂ ಹತ್ತಲಿಲ್ಲ. ಮಸೂರ ಹಿಡಿದು ನೋಡಿದಾಗ ಕೊಳವೆಪಾದಗಳ ತುದಿ ಬಟ್ಟಲಿನಂತಿರದೆ ಮೊನಚಾಗಿತ್ತು. (ಬಟ್ಟಲಿರುವ ಜಾತಿಗಳಲ್ಲಿಯೂ ಅಂಟುವ ಕೆಲಸದ ಬಹುಪಾಲು ಪಾದ ಸ್ರವಿಸುವ ಅಂಟಿನದು, ಹೀರುವಿಕೆಯದಲ್ಲ ಎಂಬುದನ್ನು ನಾನು ಅರಿತದ್ದು ಆಮೇಲೆ.) ಆರು ಸೆಂಟಿಮೀಟರ್ ಮರಳು ಹಾಸಿದ ಕೂಡಲೇ ಆ ಮೊನಚಿನ ಉಪಯೋಗ ಕಣ್ಣಿಗೆ ಬಿತ್ತು: ತೋಳಿನ ಅಡಿಯ ನೂರಾರು ಪಾದಗಳು ಮರಳನ್ನು ಬದಿಗೆ ತಳ್ಳುತ್ತಿದ್ದಂತೆ ಪ್ರಾಣಿ ಇದ್ದಲ್ಲೇ ಸಮತಟ್ಟಾಗಿ ಕೆಳಗಿಳಿದು ಮರೆಯಾಯಿತು. ಈ ಪಾದಗಳನ್ನು ಚಾಚುವುದು ಒಳಗಿನ ನೀರಿನ ಒತ್ತಡ. ಪ್ರತಿಯೊಂದರ ಬುಡದಲ್ಲಿರುವ ಪುಟ್ಟ ಚೀಲ ಸಂಕುಚಿಸಿದಾಗ ಪಾದ ನೀಳವಾಗುತ್ತದೆ.

ಮಗುಚಿ ಹಾಕಿದಾಗ ಅದು ಸರಿಯಾಗುವ ಪರಿಯನ್ನು ಹತ್ತಾರು ಬಾರಿ ಗಡಿಯಾರ ಹಿಡಿದು ನೋಡಿದ್ದೇನೆ. ಎರಡು ತೋಳುಗಳ ತುದಿಯನ್ನು ತಿರುಚಿ ಮರಳಿಗೆ ಊರಿ, ಉಳಿದವನ್ನು ಎತ್ತಿ ಉರುಳುತ್ತದೆ; ಆದರೆ ಊರುವ ಜೋಡಿ ಪ್ರತಿಸಲವೂ ಅದೇ ಆಗಿರುವುದಿಲ್ಲ. ಮಿದುಳಿಲ್ಲದ, ಬಾಯಿಯ ಸುತ್ತ ನರದ ಉಂಗುರವೂ ಅದರಿಂದ ತೋಳಿಗೊಂದರಂತೆ ಹೊರಟ ನರವೂ ಇರುವ ದೇಹದಲ್ಲಿ ಯಾವ ತೋಳು ಮುಂದಾಳಾಗಬೇಕೆಂಬುದು ಆ ಹೊತ್ತಿಗೇ ತೀರ್ಮಾನವಾಗುವಂತೆ ಕಾಣುತ್ತದೆ.

ಊಟದ ಸಂಗತಿ ಗೊತ್ತಾಗಲು ಎರಡು ವಾರ ಹಿಡಿಯಿತು. ಮರಳಿನಲ್ಲಿ ಬಿಟ್ಟಿದ್ದ ಸಣ್ಣ ಕಪ್ಪೆಚಿಪ್ಪುಗಳು ಕಡಿಮೆಯಾಗುತ್ತಿದ್ದವು, ಜಠರ ಹೊರಬಂದದ್ದನ್ನು ಮಾತ್ರ ಎಂದೂ ಕಾಣಲಿಲ್ಲ. ಸತ್ತ ಒಂದನ್ನು ಸೀಳಿ ನೋಡಿದಾಗ ಜಠರದಲ್ಲಿ ಏಳು ಚಿಪ್ಪುಗಳು ಇಡಿಯಾಗಿಯೇ ಇದ್ದವು. ಈ ಕುಲದವು ಬೇಟೆಯನ್ನು ಚಿಪ್ಪಿನ ಸಮೇತ ನುಂಗುತ್ತವೆ. ಗುದದ್ವಾರವಿಲ್ಲದ ಕಾರಣ ಖಾಲಿ ಚಿಪ್ಪನ್ನು ಬಾಯಿಯಿಂದಲೇ ಉಗುಳಬೇಕು. ಉಳಿದವು ರಾತ್ರಿ ಹಾಗೆ ಉಗುಳಿದ, ತೊಳೆದಿಟ್ಟಂತಿದ್ದ ಚಿಪ್ಪುಗಳನ್ನು ಬೆಳಿಗ್ಗೆ ಮರಳಿನ ಮೇಲಿಂದ ಹೆಕ್ಕಿ, ಫಾರ್ಮಲಿನ್ ಬಾಟಲಿಯ ಪಕ್ಕದಲ್ಲೇ ಇಟ್ಟಿದ್ದೇನೆ.