ಮೊಲಕ್ಕ ಮನ್ಯಾಗ ಪಂಜರ ಮಾಡೋದು ಹೆಂಗ

ಅಂಗಡ್ಯಾಗ ಸಿಗೋ ಸಣ್ಣ ಪಂಜರ ಮೊಲಕ್ಕ ಸಾಲಂಗಿಲ್ರಿ, ಅದು ಮೂರು ಸಲರೇ ಜಿಗೀಬೇಕು, ಹಿಂದಿನ ಕಾಲಮ್ಯಾಲ ನಿಂತ್ರ ಕಿವಿ ಮ್ಯಾಲ ತಾಗಬಾರದು, ಅದಕ್ಕ 6 ಫೂಟ್ ಉದ್ದ, 2 ಫೂಟ್ ಅಗಲ, ಎರಡೂವರಿ ಫೂಟ್ ಎತ್ತರ ಇಟ್ಕೊಳ್ರಿ. ಕಟ್ಟಿಗಿ ಫ್ರೇಮ್ ಮಾಡಿ ಸುತ್ತ ವೆಲ್ಡ್ ಮೆಶ್ (ಬೆಸುಗಿ ಹಾಕಿದ ತಂತಿ ಜಾಳಿಗಿ) ಹೊಡೀರಿ, ತೂತು 1 ಇಂಚಿಗಿಂತ ದೊಡ್ಡದು ಬ್ಯಾಡ, ತಂತಿ ತುದಿ ಎಲ್ಲಾ ಹೊರಗ ಮಡಚ್ರಿ. ಹುಬ್ಬಳ್ಳಿ ದುರ್ಗದಬೈಲ್ ಮಾರ್ಕೆಟ್ ಕಡೆ ಹೋದಾಗ ಹಳೇ ಪ್ಲೈವುಡ್ ಸಿಕ್ರ ತಳಕ್ಕ ಹಾಕ್ರಿ, ಆದ್ರ ಬಣ್ಣ ಹಚ್ಚಿದ್ದು ಬ್ಯಾಡ, ಕಡಿದು ತಿಂತಾವ.

ತಳಕ್ಕ ಮಾತ್ರ ಮೆಶ್ ಹಾಕಲೇಬ್ಯಾಡ್ರಿ! ಮೊಲದ ಅಂಗಾಲಿಗೆ ನಾಯಿ ಬೆಕ್ಕಿನಂಗ ಮೆತ್ತನ್ನ ಗಾದಿ ಇರಂಗಿಲ್ಲ, ಬರೇ ಕೂದಲ, ತಂತಿಮ್ಯಾಲ ಕುಂತು ಕುಂತು ಹುಣ್ಣ ಆಗ್ತಾವ, ನಮ್ಮ ಮೊದಲನೇ ಮೊಲಕ್ಕ ಹಿಂಗ ಆಗಿ ಭಾಳ ಒದ್ದಾಡ್ತು, ಇನ್ನೂ ನೆನಪಾದ್ರ ಸಂಕಟ ಆಗ್ತದ. ಪ್ಲೈವುಡ್ ಮ್ಯಾಲ ದಪ್ಪ ಒಣಹುಲ್ಲು ಹಾಸ್ರಿ.

ಒಂದು ಮೂಲ್ಯಾಗ ಅಡಗಿ ಕುಂದ್ರಾಕ ರಟ್ಟಿನ ಡಬ್ಬಿ, ಇನ್ನೊಂದರಾಗ ಪೇಪರ್ ಹಾಸಿದ ಟ್ರೇ, ಅದರ ಬಾಜೂಕ ಹುಲ್ಲು ಇಟ್ರ ಅಲ್ಲೇ ತಿಂದು ಅಲ್ಲೇ ಹೊಲಸು ಮಾಡೋದು ರೂಢಿ ಆಗ್ತದ. ಏಪ್ರಿಲ್ ಮೇ ಒಳಗ ನಮ್ಮ ಕಡೆ ಬಿಸಲು ಗೊತ್ತಲ್ಲ, ತಗಡಿನ ಕೆಳಗ ಇಡಬ್ಯಾಡ್ರಿ, ನೀರಿನ ಬಾಟ್ಲಿ ಫ್ರೀಜ್ ಮಾಡಿ ಅರಿವ್ಯಾಗ ಸುತ್ತಿ ಒಳಗ ಇಡ್ರಿ. ಮತ್ತ ದಿನಾ ಮೂರು ತಾಸರೇ ಹೊರಗ ಬಿಡ್ರಿ, ಅದಕ್ಕಿಂತ ಮೊದಲ ಕರೆಂಟ್ ವೈರ್ ಎಲ್ಲಾ ಮ್ಯಾಲ ಎತ್ತಿ ಕಟ್ರಿ.