ಐಸ್ ಮೇಲೆ ಜಾರದಿರಲು ಶೂ ಮೇಲೊಂದು ಸಾಕ್ಸ್

ಜನವರಿಯಲ್ಲಿ ಕಾಶ್ಮೀರಕ್ಕೆ ಹೊರಟವರು ಒಂದು ಜೊತೆ ಹಳೇ ಉಣ್ಣೆ ಸಾಕ್ಸ್ ಜಾಸ್ತಿ ಇಟ್ಟುಕೊಳ್ಳಿ. ಕಾಲಿಗಲ್ಲ, ಶೂ ಮೇಲೆ ಹಾಕಿಕೊಳ್ಳೋಕೆ. ಪಹಲ್ಗಾಮ್ ದಾರಿಯಲ್ಲಿ ಮಟ್ಟನ್ ಹತ್ತಿರ ಮಾರ್ತಾಂಡ ದೇವಾಲಯದ ಅವಶೇಷ ಇದೆ ಅಲ್ವಾ, 8ನೇ ಶತಮಾನದಲ್ಲಿ ಕಾಶ್ಮೀರದ ರಾಜ ಲಲಿತಾದಿತ್ಯ ಕಟ್ಟಿಸಿದ್ದು, ಅಂಥ ಕಡೆ ಇದು ತುಂಬಾ ಉಪಯೋಗಕ್ಕೆ ಬರುತ್ತದೆ. ಮಧ್ಯಾಹ್ನದ ಬಿಸಿಲಿಗೆ ಕರಗಿದ ಹಿಮ ರಾತ್ರಿ ಮತ್ತೆ ಗಟ್ಟಿಯಾಗಿ, ಸವೆದ ಕಲ್ಲಿನ ಮೆಟ್ಟಿಲ ಮೇಲೆ ಗಾಜಿನಂಥ ತೆಳು ಪದರ ಕೂತಿರುತ್ತದೆ. ಕಣ್ಣಿಗೆ ಬರೀ ಒದ್ದೆ ಕಲ್ಲಿನ ಹಾಗೆ ಕಾಣುತ್ತದೆ. ನಮ್ಮೂರಿನ ಸ್ಪೋರ್ಟ್ಸ್ ಶೂ ತಳ ಚಳಿಗೆ ಬಿರುಸಾಗಿ ಹಿಡಿತ ಬಿಡುತ್ತದೆ. ಒರಟು ಉಣ್ಣೆ ಆ ನಯವಾದ ಐಸನ್ನು ಕಚ್ಚಿ ಹಿಡಿಯುತ್ತದೆ. ನ್ಯೂಜಿಲೆಂಡ್‌ನ ಡ್ಯೂನೆಡಿನ್‌ನಲ್ಲಿ ಐಸ್ ಕಟ್ಟಿದ ಇಳಿಜಾರು ರಸ್ತೆಗಳಲ್ಲಿ ಸಂಶೋಧಕರು ಜನರಿಗೆ ಶೂ ಮೇಲೆ ಸಾಕ್ಸ್ ಹಾಕಿಸಿ ನಡೆಸಿ ನೋಡಿ, ಜಾರುವುದು ಕಡಿಮೆಯಾಗುತ್ತದೆ ಅಂತ 2009ರಲ್ಲಿ ವರದಿಯನ್ನೇ ಪ್ರಕಟಿಸಿದ್ದಾರೆ. ಒಂದು ಸೈಜ್ ದೊಡ್ಡದು ತಗೊಳ್ಳಿ, ಹಿಮ್ಮಡಿ ಪೂರ್ತಿ ಮುಚ್ಚುವ ಹಾಗೆ ಎಳೆಯಿರಿ, ಸಡಿಲ ಇದ್ದರೆ ಅದೇ ಕಾಲಿಗೆ ತೊಡರುತ್ತದೆ. ನುಣುಪು ನೈಲಾನ್ ಸಾಕ್ಸ್ ಸುಮ್ನೆ ದಂಡ. ಹಿಮ ಕರಗಿ ಕೆಸರಾಗಿದ್ದರೆ ಇದು ಕೆಲಸ ಮಾಡಲ್ಲ, ಉಣ್ಣೆ ನೀರು ಕುಡಿದು ಭಾರವಾಗುತ್ತದೆ. ಮೊಣಕಾಲುದ್ದದ ಹೊಸ ಹಿಮಕ್ಕೂ ಅಷ್ಟೇ, ಅಲ್ಲಿ ಬಾಡಿಗೆ ಗಂಬೂಟೇ ಬೇಕು. ವಯಸ್ಸಾದವರು ಜೊತೆಗಿದ್ದರೆ ಸಾಕ್ಸ್ ಹಾಕಿದ ಮೇಲೂ ಕೈ ಹಿಡಿದುಕೊಂಡೇ ಇಳಿಸಿ. ಕಾರು ಹತ್ತುವಾಗ ಬಿಚ್ಚಿ ಹಾಕೋಕೆ ಒಂದು ಪ್ಲಾಸ್ಟಿಕ್ ಕವರ್ ಜೇಬಲ್ಲಿರಲಿ.