ದರ ಕೇಳುವ ಮುಂಚೆ ತಿರುವಿ ನೋಡಿ: ಬಾಗಲಕೋಟೆ ಸೀಮೆಯ ಸಂತೆಯಲ್ಲಿ ನಾನು ಸಾಮಾನು ಆರಿಸುವ ಬಗೆ

ಸಂತೆಗೆ ಹೊರಟಾಗ ನನ್ನ ಚೀಲದಲ್ಲಿ ಅಳತೆ ಟೇಪು, ಸಣ್ಣ ಅಯಸ್ಕಾಂತ, ಬಿಳಿ ಕರವಸ್ತ್ರ, ಒಂದು ಸೀಮೆಸುಣ್ಣದ ಕಡ್ಡಿ, ಸೀಲು ಒಡೆಯದ 1 ಲೀಟರ್ ನೀರಿನ ಬಾಟಲಿ ಇದ್ದೇ ಇರುತ್ತವೆ. ಬಾಟಲಿ ಕುಡಿಯಲಿಕ್ಕಲ್ಲ, ತಕ್ಕಡಿ ಪರೀಕ್ಷೆಗೆ. ತುಂಬಿದ ಬಾಟಲಿ 1 ಕಿಲೋ ಮೇಲೆ ಇಪ್ಪತ್ತು ಮೂವತ್ತು ಗ್ರಾಂ ತೂಗುತ್ತದೆ. ಎಲೆಕ್ಟ್ರಾನಿಕ್ ಕಾಟಾದ ಮೇಲೆ ಇಟ್ಟಾಗ 1,100 ತೋರಿಸಿತೆಂದರೆ ಅಲ್ಲಿ ಕಿಲೋ ಲೆಕ್ಕದ ವ್ಯಾಪಾರ ಬೇಡ. ಜಗಳವೂ ಬೇಡ, ಪಕ್ಕದ ಅಂಗಡಿಗೆ ನಡೆಯಿರಿ.

ಸಂತೆಯಲ್ಲಿ ನಾನು ಬಿಡದೆ ಪಾಲಿಸುವ ನಿಯಮ ಒಂದೇ: ಸಾಮಾನು ನೋಡಿ ಮುಗಿಯುವ ತನಕ ದರ ಕೇಳುವುದಿಲ್ಲ. ದರ ಕೇಳಿದ ಕೂಡಲೇ ಚೌಕಾಸಿ ಶುರುವಾಗುತ್ತದೆ, ಆಮೇಲೆ ಲಕ್ಷ್ಯವೆಲ್ಲ ರೊಕ್ಕದ ಕಡೆಗೇ. ಪ್ರತಿ ಸಾಮಾನಿಗೂ ಅದರ ನಿಜ ಬಯಲಾಗುವ ಒಂದು ಜಾಗ ಇರುತ್ತದೆ. ಮೊದಲು ಅಲ್ಲಿಗೆ ಕೈ ಹೋಗಬೇಕು.

ಇಳಕಲ್ ಸೀರೆಯಲ್ಲಿ ಆ ಜಾಗ ಒಡಲು ಮತ್ತು ಸೆರಗು ಕೂಡುವ ಗೆರೆ. ಕೈಮಗ್ಗದ ಸೀರೆಯ ಒಡಲಿಗೆ ಒಂದು ಹಾಸು (ಮಗ್ಗಕ್ಕೆ ಹೂಡುವ ಉದ್ದದ ಎಳೆಗಳು), ಸೆರಗಿಗೆ ಬೇರೆ ಹಾಸು. ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸುತ್ತಾರೆ. ಇದಕ್ಕೇ ತೋಪುತೆನೆ ಎನ್ನುವುದು. ಸೀರೆಯ ಹಿಂಬದಿ ತಿರುವಿ, ಆ ಗೆರೆಯ ಮೇಲೆ ಹೆಬ್ಬೆರಳನ್ನು ಮೆಲ್ಲಗೆ ಎಳೆಯಿರಿ. ಸಣ್ಣಸಣ್ಣ ಕುಣಿಕೆಗಳು ಸಾಲಾಗಿ ಬೆರಳಿಗೆ ತಾಕಬೇಕು. ಏನೂ ತಾಕದೆ ನುಣ್ಣಗೆ ಜಾರಿದರೆ ಅದು ಒಂದೇ ಹಾಸಿನ ಪವರ್‌ಲೂಮ್ ಸೀರೆ. ಹೊಲಿಗೆಯ ದಾರ ಕಂಡರೆ ಸೆರಗನ್ನು ಬೇರೆಯಾಗಿ ನೇಯ್ದು ಹಚ್ಚಿದ್ದು. ಪವರ್‌ಲೂಮ್ ಸೀರೆ ಉಡಬಾರದು ಅಂತಲ್ಲ, ಅದಕ್ಕೆ ಕೈಮಗ್ಗದ ದರ ಕೊಡಬಾರದು ಅಷ್ಟೇ. ಒಂದೊಂದು ಸೀರೆಗೂ ಬೇರೆ ಬೇರೆ ಹಾಸು ಹೂಡಿ ಕೂಡಿಸುವ ಕೆಲಸಕ್ಕೆ ಮನೆಮಂದಿಯೆಲ್ಲ ಕೈ ಹಚ್ಚಬೇಕಾಗುತ್ತದೆ. ಆ ದುಡಿಮೆಯ ರೊಕ್ಕದಲ್ಲಿ ಕಡಿಮೆ ಮಾಡಿರೆಂದು ಕೇಳಲು ನನಗೆ ಮನಸ್ಸು ಬರುವುದಿಲ್ಲ.

ಎರಡನೆಯದು ನೂಲು. ಸೆರಗು ಪೂರಾ ರೇಷ್ಮೆಯೋ, ಚಮಕಾವೋ ಎಂದು ನೇರವಾಗಿ ಕೇಳಿ. ಚಮಕಾ ಅಂದರೆ ಕೃತಕ ರೇಷ್ಮೆ. ಹೊಳಪು ರೇಷ್ಮೆಗಿಂತ ಜಾಸ್ತಿ, ದರ ಬಹಳ ಕಡಿಮೆ. ಅನುಮಾನ ಬಂದರೆ ಸೆರಗಿನ ತುದಿಯ ಗೊಂಡೆಯಿಂದ ಎರಡು ಎಳೆ ಕೇಳಿ ಪಡೆದು ಸುಟ್ಟು ನೋಡಿ. ರೇಷ್ಮೆ ಸುಟ್ಟ ಕೂದಲಿನಂತೆ ನಾರುತ್ತದೆ, ಉಳಿದ ಕರಿಯುಂಡೆ ಬೆರಳಲ್ಲಿ ಪುಡಿಯಾಗುತ್ತದೆ. ಚಮಕಾ, ಹತ್ತಿ ಎರಡೂ ಕಾಗದದಂತೆ ಸುಟ್ಟು ಬೂದಿಯಾಗುತ್ತವೆ. ಪಾಲಿಯೆಸ್ಟರ್ ಕರಗಿ ಒಡೆಯಲಾರದ ಗಟ್ಟಿ ಗುಂಡಾಗುತ್ತದೆ. ಅಂಗಡಿಯವರು, "ಅಕ್ಕಾರ, ಒಂದು ಎಳಿ ಅಷ್ಟ ತಗೋರಿ, ಗೊಂಡೆ ಕೆಡಿಸಬ್ಯಾಡ್ರಿ" ಅಂದರೆ ಆ ಮಾತು ನ್ಯಾಯವಾದದ್ದು. ಕಡ್ಡಿ ಗೀರುವುದು ಬಟ್ಟೆಯ ರಾಶಿಯಿಂದ ದೂರ ಹೋಗಿಯೇ.

ಆಮೇಲೆ ಬಣ್ಣ. ಒದ್ದೆ ಕರವಸ್ತ್ರದಿಂದ ಕೆಂಪು ಸೆರಗು ಮತ್ತು ದಡಿಯ ಮೂಲೆಯನ್ನು ಹತ್ತು ಸಲ ತಿಕ್ಕಿ. ತುಸು ಗುಲಾಬಿ ಹತ್ತಿದರೆ ನಡೆಯುತ್ತದೆ, ಅಂಥ ಸೀರೆಯನ್ನು ಮೊದಲ ಎರಡು ಮೂರು ಸಲ ತಣ್ಣೀರಿನಲ್ಲಿ ಬೇರೆಯೇ ಒಗೆದು ನೆರಳಿಗೆ ಒಣಹಾಕಿ. ಕರವಸ್ತ್ರ ಕೆಂಪಾದರೆ ಬಿಟ್ಟುಬಿಡಿ. ಸೆರಗಿನ ಬಿಳಿ ತೆನೆ ಚಿತ್ತಾರಕ್ಕೆ ಆ ಕೆಂಪು ಹರಡಿದರೆ ಮತ್ತೆ ತೆಗೆಯಲು ಬರುವುದಿಲ್ಲ. ಟೇಪು ಹಿಡಿದು ಉದ್ದವನ್ನೂ ನೋಡಿ: 6 ವಾರದ (ಗಜದ) ಸೀರೆಗೆ ಸುಮಾರು ಐದೂವರೆ ಮೀಟರ್, 9 ವಾರದ್ದಕ್ಕೆ ಎಂಟೂಕಾಲು ಮೀಟರ್. ಇದನ್ನೆಲ್ಲ ಹಗಲಿನಲ್ಲೇ ಮುಗಿಸಬೇಕು. ಬಲ್ಬಿನ ಬೆಳಕಿನಲ್ಲಿ ಕಡುಹಸಿರಿಗೂ ಕಪ್ಪಿಗೂ ಭೇದ ತಿಳಿಯದು.

ಗುಳೇದಗುಡ್ಡದ ಖಣಕ್ಕೆ (ರವಿಕೆ ಬಟ್ಟೆಗೆ) ಇಷ್ಟು ಸಾಕು: ತ್ರಿಕೋನವಾಗಿ ಮಡಚಿಟ್ಟದ್ದನ್ನು ಪೂರ್ತಿ ಬಿಚ್ಚಿಸಿ. ಬಿಸಿಲಿಗೆ ಇಟ್ಟ ಖಣ ಮಡಿಕೆಯ ಅಂಚಿನಲ್ಲಿ ಮಾಸಿರುತ್ತದೆ, ಹೊಲಿಸಿದ ಮೇಲೆ ಆ ಗೆರೆ ಬೆನ್ನ ಮೇಲೆ ಕಾಣುತ್ತದೆ.

ಹಳೆಯ ತಾಮ್ರ-ಹಿತ್ತಾಳೆ ನೋಡುವುದಿದ್ದರೆ ಬೆಳಿಗ್ಗೆ ಬೇಗ ಹೋಗಬೇಕು. ಹೊತ್ತೇರಿದರೆ ಒಳ್ಳೆಯದನ್ನೆಲ್ಲ ಗುಜರಿಯವರೇ ಎತ್ತಿರುತ್ತಾರೆ. ಮೊದಲು ಅಯಸ್ಕಾಂತ: ತಳಕ್ಕೆ, ಕಂಠಕ್ಕೆ, ಹಿಡಿಕೆಗೆ ಮೂರೂ ಕಡೆ ಹಚ್ಚಿ. ತಾಮ್ರ, ಹಿತ್ತಾಳೆ, ಕಂಚು ಯಾವುದೂ ಅದನ್ನು ಹಿಡಿಯುವುದಿಲ್ಲ. ಹಿಡಿದ ಕಡೆ ಒಳಗೆ ಕಬ್ಬಿಣ ಇದೆ. ಮಾರುವುದು ಕಿಲೋ ಲೆಕ್ಕದಲ್ಲಾದ್ದರಿಂದ ಕಬ್ಬಿಣದ ಹಿಡಿಕೆಗೂ ನೀವು ತಾಮ್ರದ ದರ ಕೊಟ್ಟಂತಾಗುತ್ತದೆ.

ಸೋರಿಕೆ ಹಿಡಿಯಬೇಕಾದರೆ ಕೊಡದ ತುಂಬ ನೀರು ಹಾಕಿ, ಹೊರಮೈ ಒರೆಸಿ ಒಣಗಿಸಿ, ತಳದ ಬೆಸುಗೆಯ ಸುತ್ತ ಸೀಮೆಸುಣ್ಣ ಗಾಢವಾಗಿ ತಿಕ್ಕಿ. ಹತ್ತು ನಿಮಿಷ ಬಿಟ್ಟು ನೋಡಿದರೆ ಸೂಜಿಮೊನೆಯಷ್ಟು ತೂತಿದ್ದರೂ ಬಿಳಿ ಸುಣ್ಣದ ಮೇಲೆ ಕಪ್ಪು ಚುಕ್ಕೆ ಮೂಡಿರುತ್ತದೆ. ಬೂದುಬಣ್ಣದ ತೇಪೆ ಕಂಡರೆ ಅದು ಸೀಸ ಬೆರೆತ ಬೆಸುಗೆ ಇರಬಹುದು. ಅಂಥದ್ದು ಸ್ನಾನದ ನೀರಿಗೆ ಸರಿ, ಕುಡಿಯುವ ನೀರಿಗೆ, ಅಡುಗೆಗೆ ಬೇಡ. ಹಿತ್ತಾಳೆಯ ಮೈಮೇಲೆ ಅಲ್ಲಲ್ಲಿ ಗುಲಾಬಿ ಛಾಯೆ ಇದ್ದರೆ ಅಲ್ಲಿ ಸತುವು ಕರಗಿಹೋಗಿ ಬರೀ ತಾಮ್ರ ಉಳಿದಿದೆ ಎಂದರ್ಥ. ಹುಣಸೆಹಣ್ಣು, ಉಪ್ಪು ಹಚ್ಚಿ ಬಹಳ ಹೊತ್ತು ಬಿಟ್ಟರೂ ಹೀಗೆ ಬಣ್ಣ ತಿರುಗುತ್ತದೆ. ತಿಕ್ಕಿದರೆ ಹೋಗುವುದು ಮೇಲಿನ ಕಲೆ. ಉಗುರಿಗೆ ಪುಡಿಪುಡಿಯಾಗಿ ಎದ್ದರೆ ಒಳಗಿನ ತನಕ ಕೆಟ್ಟಿದೆ.

ಅಡುಗೆಗೆ ಒಯ್ಯುವುದಾದರೆ ಕಲಾಯಿಯ (ಒಳಮೈಗೆ ಹಾಕುವ ತವರದ ಲೇಪದ) ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿ, ಕಲಾಯಿ ಹಾಕುವವರು ನಿಮ್ಮ ಊರಲ್ಲಿ ಉಳಿದಿದ್ದಾರೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ಕಲಾಯಿಯ ತವರ 232 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಆದ್ದರಿಂದ ಬರಿಪಾತ್ರೆಯನ್ನು ಉರಿಯ ಮೇಲಿಟ್ಟು ಮರೆತರೆ ಅದು ಹನಿಹನಿಯಾಗಿ ತಳಕ್ಕೆ ಇಳಿಯುತ್ತದೆ. ಸ್ಟೀಲ್ ಜುಂಗಿನಿಂದ ತಿಕ್ಕುವುದೂ ಬೇಡ. ಹಳೆಯ ಸಾಮಾನಿನಲ್ಲಿ ಚೌಕಾಸಿ ಮಾಡಲು ನನಗೆ ಸಂಕೋಚವಿಲ್ಲ. ಕಂಡ ದೋಷವನ್ನು ತೋರಿಸಿ ದರ ಇಳಿಸಲು ಕೇಳುತ್ತೇನೆ.

ತಿನ್ನುವ ಸಾಮಾನಿಗೆ ಮೂಗೇ ತಕ್ಕಡಿ. ಶೇಂಗಾ ಹಿಂಡಿ (ಚಟ್ನಿಪುಡಿ), ಗುರೆಳ್ಳು ಹಿಂಡಿ, ಅಗಸಿ ಹಿಂಡಿ ಮೂರರಲ್ಲೂ ಎಣ್ಣೆ ಜಾಸ್ತಿ, ಬೇಗ ಕಮಟುತ್ತವೆ. ಒಂದು ಚಿಟಿಕೆಯನ್ನು ಬೆರಳಲ್ಲಿ ತಿಕ್ಕಿ ಬಿಸಿಯಾದ ಮೇಲೆ ಮೂಸಿ ನೋಡಿ. ಖಾರ, ಬೆಳ್ಳುಳ್ಳಿಯ ಹಿಂದೆ ಅಡಗಿದ ಹಳೇ ಎಣ್ಣೆಯ ವಾಸನೆ ಆಗ ಏಳುತ್ತದೆ. ಒಮ್ಮೆಗೆ ಪಾವು ಕಿಲೋ ಮೀರಿ ಕೊಳ್ಳಬೇಡಿ. ಅಮೀನಗಡದ ಸಿಹಿತಿಂಡಿ ಕರದಂಟಿನಲ್ಲಿ ಕಮಟುವುದು ಕೊಬ್ಬರಿ, ಮೆತ್ತಗಾಗುವುದು ಅಂಟು (ಕರಿದ ತಿನ್ನುವ ಗೋಂದು). ಮುರಿದಾಗ ಅಂಟು ಹಲ್ಲಿಗೆ ಗರಿಗರಿ ಅನ್ನಬೇಕು. ಬೆಲ್ಲದಲ್ಲಿ ಹಳದಿ ಹೊಳಪಿಗೆ ಮರುಳಾಗಬೇಡಿ, ಬಣ್ಣ ತಿಳಿಯಾಗಿಸಲು ಗಂಧಕವಿರುವ ರಾಸಾಯನಿಕ ಪುಡಿ ಹಾಕಿರುವ ಸಾಧ್ಯತೆ ಹೆಚ್ಚು. ನಾನು ಒಯ್ಯುವುದು ಕಂದುಬಣ್ಣದ ಬೆಲ್ಲವನ್ನೇ.

ಬನಶಂಕರಿ ಜಾತ್ರೆಯ ಮಾತೇ ಬೇರೆ. ಬಾದಾಮಿಯಿಂದ 5 ಕಿ.ಮೀ. ದೂರದಲ್ಲಿ, ಬನದ ಹುಣ್ಣಿಮೆಗೆ (ಪುಷ್ಯ ಮಾಸದ ಹುಣ್ಣಿಮೆ) ತೇರು ಎಳೆದ ಮೇಲೂ ವಾರಗಟ್ಟಲೆ ಅಂಗಡಿಗಳು ಇರುತ್ತವೆ. ಮನೆ ಕಟ್ಟುವವರು ಬಾಗಿಲು, ಚೌಕಟ್ಟು ಕೊಳ್ಳಲು ಅಲ್ಲಿಗೇ ಬರುತ್ತಾರೆ. ಚೌಕಟ್ಟಿಗೆ ಟೇಪನ್ನು ಮೂಲೆಯಿಂದ ಮೂಲೆಗೆ ಎರಡೂ ಕಡೆ ಹಿಡಿಯಿರಿ. 7 ಅಡಿಗೆ ಮೂರೂವರೆ ಅಡಿಯದಾದರೆ ಎರಡೂ ಅಳತೆ ಸುಮಾರು 7 ಅಡಿ 10 ಇಂಚು ಬರಬೇಕು. ಎರಡರ ನಡುವೆ ಅರ್ಧ ಇಂಚು ವ್ಯತ್ಯಾಸ ಬಂದರೂ ಬಾಗಿಲು ಕೂಡುವುದಿಲ್ಲ. ಬಣ್ಣ ಬಳಿದದ್ದಕ್ಕಿಂತ ಬರಿ ಮರದ್ದೇ ಲೇಸು, ಯಾಕೆಂದರೆ ಗಂಟು, ಸೀಳು ತುಂಬಿದ ಮೇಣ, ಮರದ ಹೊಟ್ಟು ಬಣ್ಣದ ಕೆಳಗೆ ಕಾಣುವುದಿಲ್ಲ. ಬೆರಳ ಗೆಣ್ಣಿನಿಂದ ಬಡಿದು ನೋಡಿ: ಹಸಿ ಮರ ಮಂದವಾಗಿ ದಬ್ಬೆನ್ನುತ್ತದೆ, ಬೇಸಿಗೆಗೆ ಸೊಟ್ಟಗಾಗುವುದೂ ಅದೇ.

ದೇವಸ್ಥಾನದ ಹತ್ತಿರ ತಲೆಯ ಮೇಲೆ ಬುಟ್ಟಿ ಹೊತ್ತು ಬರುವ ಅಕ್ಕಂದಿರ ಹತ್ತಿರ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಕೆಂಪು ಚಟ್ನಿ, ಕುಡಿಕೆ ಮೊಸರು ಸಿಗುತ್ತದೆ. ಕುಡಿಕೆಯನ್ನು ಓರೆ ಮಾಡಿ ನೋಡಿ, ಮೊಸರು ಅಲುಗದೆ ನಿಂತರೆ ಅದನ್ನೇ ತಗೊಳ್ಳಿ. ಅಲ್ಲಿ ಅವರು ಹೇಳಿದಷ್ಟು ಕೊಟ್ಟು ಊಟ ಮಾಡುತ್ತೇನೆ.